ಮುಂದಿನ ಹಲ್ಲು ಹೋದರೆ: ಇಂಪ್ಲಾಂಟ್‌ಗೆ ಮುನ್ನ ತಿಳಿದಿರಬೇಕಾದದ್ದು



ಜೀವಶಾಸ್ತ್ರದ ತರಗತಿಯಲ್ಲಿ ಮನುಷ್ಯನ ದಂತ ಸೂತ್ರ ಬರೆಸುವಾಗ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ: "ಸರ್, ಮುಂದಿನ ಹಲ್ಲು ಹೋದರೆ ಸ್ಕ್ರೂ ಹಾಕಿ ಹೊಸ ಹಲ್ಲು ಕೂರಿಸುತ್ತಾರಂತೆ, ನಿಜವೇ?" ನಿಜ. ಆದರೆ ನಿಮ್ಮ ವಯಸ್ಸಿನವರಿಗೆ ದಂತವೈದ್ಯರು ಸಾಮಾನ್ಯವಾಗಿ "ಸ್ವಲ್ಪ ಕಾಯಿರಿ" ಎನ್ನುತ್ತಾರೆ. ಅದರ ಕಾರಣವನ್ನು ಇಲ್ಲಿ ವಿವರಿಸುತ್ತೇನೆ.

ಹೋದ ಹಲ್ಲಿನ ಜಾಗ ತುಂಬುವ ಪ್ರಯತ್ನ ಹಳೆಯದು. ಸುಮಾರು ಸಾವಿರ ವರ್ಷಗಳ ಹಿಂದೆ ಅಂದಲೂಸಿಯಾದ ವೈದ್ಯ ಅಲ್-ಝಹ್ರಾವಿ ತಮ್ಮ 'ಅತ್-ತಸ್ರೀಫ್' ಗ್ರಂಥದಲ್ಲಿ ಅಲುಗಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಕಟ್ಟುವ ವಿಧಾನವನ್ನೂ, ದನದ ಮೂಳೆಯಿಂದ ಹಲ್ಲು ಕೆತ್ತಿ ಕೂರಿಸುವ ವಿಧಾನವನ್ನೂ ವಿವರಿಸಿದ್ದಾರೆ. ಇಂದಿನ ಇಂಪ್ಲಾಂಟ್‌ನ ಕಥೆ ಆರಂಭವಾಗುವುದು 1952ರಲ್ಲಿ, ಸ್ವೀಡನ್ನಿನಲ್ಲಿ. ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯೊಳಗೆ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂನ ಪುಟ್ಟ ಸಾಧನವೊಂದನ್ನು ಇಟ್ಟಿದ್ದರು. ಕೊನೆಗೆ ತೆಗೆಯಲು ಹೋದರೆ ಅದು ಬರಲಿಲ್ಲ. ಮೂಳೆ ಅದಕ್ಕೆ ಬಿಗಿಯಾಗಿ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಗೋಸ್ಟಾ ಲಾರ್ಸನ್ ಎಂಬವರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. 2006ರಲ್ಲಿ ತೀರಿಕೊಳ್ಳುವವರೆಗೂ ಲಾರ್ಸನ್ ಅದನ್ನು ಬಳಸಿದರು.

ಟೈಟಾನಿಯಂ ಏಕೆ? ಗಾಳಿ ತಾಗಿದೊಡನೆ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಉಂಟಾಗುತ್ತದೆ. ಈ ಪದರ ಲೋಹವನ್ನು ಸವೆಯದಂತೆ ಕಾಪಾಡುತ್ತದೆ, ದೇಹವೂ ಅದನ್ನು ಸಹಿಸಿಕೊಳ್ಳುತ್ತದೆ. ವೈದ್ಯರು ಸ್ಕ್ಯಾನ್ ಮಾಡಿ ಮೂಳೆಯ ಅಳತೆ ನೋಡಿ, ಬೇರಿನ ಜಾಗದಲ್ಲಿ ಸ್ಕ್ರೂ ಕೂರಿಸುತ್ತಾರೆ. ಮೂಳೆ ಬೆಸೆಯಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ನಂತರ ಅದರ ಮೇಲೆ ಹಲ್ಲಿನ ಬಣ್ಣದ ಕ್ಯಾಪ್ ಕೂರುತ್ತದೆ. ಮುಂದಿನ ಹಲ್ಲಿನ ಹೊರಬದಿಯ ಮೂಳೆ ಬಹಳ ತೆಳು. ಹೆಚ್ಚಿನವರಲ್ಲಿ 1 ಮಿಲಿಮೀಟರ್‌ಗಿಂತಲೂ ಕಡಿಮೆ. ಹಲ್ಲು ಹೋದ ಮೇಲೆ ಅದು ಕರಗುತ್ತದೆ. ಮೂಳೆ ಸಾಲದಿದ್ದರೆ ಮೂಳೆಪುಡಿ ತುಂಬುತ್ತಾರೆ. ಅದು ರೋಗಿಯ ಸ್ವಂತ ಮೂಳೆ, ದಾನಿಯ ಮೂಳೆ, ದನ ಅಥವಾ ಹಂದಿಯ ಮೂಳೆಯಿಂದ ಸಂಸ್ಕರಿಸಿದ್ದು, ಕೃತಕವಾಗಿ ತಯಾರಿಸಿದ್ದು ಹೀಗೆ ಹಲವು ಬಗೆ. ಯಾವುದನ್ನು ಬಳಸುತ್ತೀರಿ ಎಂದು ವೈದ್ಯರನ್ನು ಮೊದಲೇ ಕೇಳಿ ತಿಳಿಯಬಹುದು.

ಈಗ ಕಾಯಬೇಕಾದ ಕಾರಣಕ್ಕೆ ಬರೋಣ. ನಮ್ಮ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸೂಕ್ಷ್ಮ ನಾರುಗಳ ಪದರವಿದೆ. ದವಡೆ ಬೆಳೆದಂತೆ ಹಲ್ಲು ತಾನೂ ಸರಿದು ಹೊಂದಿಕೊಳ್ಳುವುದು, ಕ್ಲಿಪ್ ಹಾಕಿಸಿಕೊಂಡವರ ಹಲ್ಲು ಸಾಲಿಗೆ ಬರುವುದು ಇದೇ ಪದರದ ಸಹಾಯದಿಂದ. ಇಂಪ್ಲಾಂಟ್‌ಗೆ ಈ ಪದರವಿಲ್ಲ. ಅದು ಇಟ್ಟಲ್ಲೇ ನಿಲ್ಲುತ್ತದೆ. 15ನೇ ವಯಸ್ಸಿನಲ್ಲಿ ಹಾಕಿಸಿದರೆ ಅಕ್ಕಪಕ್ಕದ ಹಲ್ಲುಗಳು ಕೆಳಗಿಳಿಯುತ್ತಾ ಹೋಗಿ, ಇಂಪ್ಲಾಂಟ್ ಹಲ್ಲು ಮಾತ್ರ ಮೇಲೆಯೇ ಉಳಿದು ಗಿಡ್ಡವಾಗಿ ಕಾಣುತ್ತದೆ. ದವಡೆಯ ಬೆಳವಣಿಗೆ ಸಾಮಾನ್ಯವಾಗಿ ಹುಡುಗಿಯರಲ್ಲಿ 17–18ರ, ಹುಡುಗರಲ್ಲಿ 20–21ರ ಆಸುಪಾಸಿನಲ್ಲಿ ನಿಧಾನವಾಗುತ್ತದೆ. ಆದರೆ ಇದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ವೈದ್ಯರು ಎಕ್ಸ್‌ರೇ ನೋಡಿ ನಿರ್ಧರಿಸುತ್ತಾರೆ.

ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ನಗಬೇಕಿಲ್ಲ. ತೆಗೆದು ಹಾಕುವ ಹಲ್ಲು ಅಥವಾ ಪಕ್ಕದ ಹಲ್ಲಿನ ಹಿಂಬದಿಗೆ ಅಂಟಿಸುವ ಸೇತುವೆ ಹಲ್ಲು ಸಿಗುತ್ತದೆ. ಹಲ್ಲಿನ ತುದಿ ಮಾತ್ರ ಮುರಿದು ಬೇರು ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಇಂಪ್ಲಾಂಟ್‌ನ ಅಗತ್ಯವೇ ಇಲ್ಲ. ಮುರಿದ ಚೂರನ್ನು ತೆಗೆದುಕೊಂಡು ಹೋದರೆ ಎಷ್ಟೋ ಸಲ ಅದನ್ನೇ ಅಂಟಿಸುತ್ತಾರೆ.

ಇಂಪ್ಲಾಂಟ್ ಹುಳುಕಾಗುವುದಿಲ್ಲ, ಆದರೆ ಸುತ್ತಲಿನ ವಸಡು ಸೋಂಕಿಗೆ ಒಳಗಾಗಿ ಮೂಳೆ ಕರಗಬಹುದು. ಧೂಮಪಾನ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಈ ಅಪಾಯವನ್ನು ಹೆಚ್ಚಿಸುತ್ತವೆ. ಬ್ರಷ್ ಮಾಡುವುದು, ವೈದ್ಯರಿಗೆ ಆಗಾಗ ತೋರಿಸುವುದು ತಪ್ಪಬಾರದು.

ಎಷ್ಟೇ ಒಳ್ಳೆಯ ಇಂಪ್ಲಾಂಟ್ ಆದರೂ ಸ್ವಂತ ಹಲ್ಲಿಗೆ ಸಮವಲ್ಲ. ಆದ್ದರಿಂದ ಆಟದಲ್ಲೋ ಬೈಕಿನಿಂದ ಬಿದ್ದೋ ಹಲ್ಲು ಬೇರುಸಹಿತ ಕಿತ್ತು ಬಂದರೆ ಹೀಗೆ ಮಾಡಿ:

1. ಹಲ್ಲನ್ನು ಹುಡುಕಿ, ಬಿಳಿ ಭಾಗವನ್ನು ಹಿಡಿದು ಎತ್ತಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಅದರ ಮೇಲಿನ ಜೀವಕೋಶಗಳೇ ಹಲ್ಲನ್ನು ಮತ್ತೆ ಹಿಡಿಸುವವು.

2. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಮೆಲ್ಲಗೆ ಕೂರಿಸಿ, ಕರವಸ್ತ್ರ ಕಚ್ಚಿ ಹಿಡಿಯಿರಿ.

3. ಕೂರಿಸಲಾಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ. ಕಾಗದದಲ್ಲಿ ಸುತ್ತಿಡಬೇಡಿ, ನೀರಿನಲ್ಲಿಯೂ ಇಡಬೇಡಿ.

4. ತಕ್ಷಣ ದಂತವೈದ್ಯರ ಬಳಿಗೆ ಹೋಗಿ. ಒಣಗಿದ ಸ್ಥಿತಿಯಲ್ಲಿ ಒಂದು ಗಂಟೆ ಕಳೆದರೆ ಬೇರಿನ ಜೀವಕೋಶಗಳು ಹೆಚ್ಚುಕಡಿಮೆ ಸತ್ತಿರುತ್ತವೆ.

ತಮ್ಮ ತಂಗಿಯರ ಹಾಲುಹಲ್ಲು ಬಿದ್ದರೆ ಮಾತ್ರ ಮರಳಿ ಕೂರಿಸಬೇಡಿ. ಒಳಗಿರುವ ಶಾಶ್ವತ ಹಲ್ಲಿಗೆ ಪೆಟ್ಟಾಗುತ್ತದೆ.

ಕ್ಯಾಂಟೀನಿನಲ್ಲಿ ಹಾಲು ಸಿಗುತ್ತದೆ. ಕಬಡ್ಡಿ, ಕ್ರಿಕೆಟ್ ತಂಡದ ನಾಯಕರು ಈ ನಾಲ್ಕು ಅಂಶಗಳನ್ನು ಬರೆದು ಕ್ರೀಡಾ ಕೊಠಡಿಯ ಗೋಡೆಗೆ ಅಂಟಿಸಬೇಕೆಂದು ಕೋರುತ್ತೇನೆ.