ಕಡಲತೀರದಲ್ಲಿ ಒಂದು ವಾರ: ವಿಶ್ರಾಂತಿ, ಆರೋಗ್ಯ ಮತ್ತು ಕಾದಂಬರಿ

"ಡಾಕ್ಟರೇ, ಹದಿನೈದು ದಿನ ರಜೆ ಹಾಕಿ ಊರಿಗೆ ಹೋಗಿ ಬಂದೆ. ಆದರೂ ಆಯಾಸ ಹೋಗಿಲ್ಲ. ಏನಾದರೂ ಟಾನಿಕ್ ಬರೆದುಕೊಡಿ."

ಜೂನ್ ತಿಂಗಳು ಬಂದಿತೆಂದರೆ ಮುಂಬಯಿಯ ಉಪನಗರದಲ್ಲಿರುವ ನನ್ನ ಚಿಕಿತ್ಸಾಲಯದಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ನಮ್ಮ ಕನ್ನಡಿಗರೇ. ಕೆಲವು ವರ್ಷಗಳ ಹಿಂದೆ ಹೀಗೆ ಬಂದ ಐವತ್ತೆರಡು ವರ್ಷದ ಗೃಹಸ್ಥರೊಬ್ಬರ ರಕ್ತದೊತ್ತಡವನ್ನು ಅಳೆದು ನೋಡಿದೆ. ರಜೆಗೆ ಮೊದಲು 140/90 ಇದ್ದುದು 160/100ಕ್ಕೆ ಏರಿತ್ತು. ರಜೆಯಲ್ಲಿ ಏನೇನು ಮಾಡಿದಿರಿ ಎಂದು ವಿಚಾರಿಸಿದೆ. ಎರಡು ಮದುವೆ, ಒಂದು ಉಪನಯನ, ಕುಲದೇವರ ಸೇವೆ, ದಾಯಾದಿಗಳೊಡನೆ ಜಮೀನಿನ ಮಾತುಕತೆ, ನಡುನಡುವೆ ಆರು ರಾತ್ರಿಗಳ ಬಸ್ ಪ್ರಯಾಣ. ಈ ಗಡಿಬಿಡಿಯಲ್ಲಿ ನಾಲ್ಕು ದಿನ ಮಾತ್ರೆಯನ್ನೂ ಮರೆತಿದ್ದರು. ಊರಿಗೆ ಹೋಗುವುದು ಕರ್ತವ್ಯ, ಅದು ಬಿಡತಕ್ಕದ್ದಲ್ಲ. ಆದರೆ ಊರಿಗೆ ಹೋಗುವುದೇ ಬೇರೆ, ವಿಶ್ರಾಂತಿಯೇ ಬೇರೆ. ಈ ಎರಡನ್ನು ಒಂದೆಂದು ಭಾವಿಸುವುದರಿಂದ ಹೊರನಾಡ ಕನ್ನಡಿಗನಿಗೆ ವರ್ಷಗಟ್ಟಲೆ ನಿಜವಾದ ರಜೆಯೇ ದೊರೆಯುವುದಿಲ್ಲ.

ವಿಶ್ರಾಂತಿ ಎಂದರೇನು?

ನಮ್ಮ ದೇಹದಲ್ಲಿ ನಮ್ಮ ಇಚ್ಛೆಗೆ ಒಳಪಡದೆ ಕೆಲಸ ಮಾಡುವ ಎರಡು ನರವ್ಯವಸ್ಥೆಗಳಿವೆ. ಒಂದು ಅಪಾಯದ ವೇಳೆ ಎಚ್ಚರಗೊಂಡು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಇನ್ನೊಂದು ಅಪಾಯ ಕಳೆದ ಮೇಲೆ ಅವನ್ನು ಇಳಿಸಿ, ಜೀರ್ಣಕ್ರಿಯೆಯನ್ನೂ ನಿದ್ರೆಯನ್ನೂ ಸರಿಪಡಿಸುತ್ತದೆ. 8.12ರ ಲೋಕಲ್ ತಪ್ಪೀತೆಂಬ ಭಯ, ಮೇಲಧಿಕಾರಿಯ ಕರೆ, ಮಕ್ಕಳ ಪರೀಕ್ಷೆ ಇವೆಲ್ಲವೂ ದೇಹದ ಲೆಕ್ಕದಲ್ಲಿ ಅಪಾಯಗಳೇ. ಮಹಾನಗರದಲ್ಲಿ ಮೊದಲನೆಯ ವ್ಯವಸ್ಥೆಗೆ ಬಿಡುವಿಲ್ಲ, ಎರಡನೆಯದಕ್ಕೆ ಅವಕಾಶವಿಲ್ಲ. ಆ ಅವಕಾಶವನ್ನು ಒದಗಿಸುವುದೇ ವಿಶ್ರಾಂತಿ.

2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೃದ್ರೋಗದ ಸಂಭವ ಹೆಚ್ಚಾಗಿದ್ದ ಸುಮಾರು 12,000 ಮಧ್ಯವಯಸ್ಕ ಗಂಡಸರನ್ನು 9 ವರ್ಷಗಳ ಕಾಲ ಗಮನಿಸಲಾಯಿತು. ವರ್ಷವರ್ಷವೂ ವಿಹಾರಕ್ಕೆ ಹೋಗುತ್ತಿದ್ದವರಲ್ಲಿ ಮರಣದ ಪ್ರಮಾಣ ಕಡಮೆಯೆಂದು ಕಂಡುಬಂದಿತು. ರಜೆ ತೆಗೆದುಕೊಳ್ಳಬಲ್ಲವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಲೂ ಸಾಕು. ಆದುದರಿಂದ ರಜೆಯೊಂದೇ ಆಯುಸ್ಸನ್ನು ಹೆಚ್ಚಿಸಿತೆಂದು ಹೇಳುವಂತಿಲ್ಲ. ಆದರೂ ರಜೆ ಎನ್ನುವುದು ಭೋಗವಸ್ತುವಲ್ಲವೆಂಬುದಕ್ಕೆ ಇದೊಂದು ಸೂಚನೆ.

ಎಲ್ಲಿಗೆ, ಯಾವಾಗ?

ಕಡಲ ದಂಡೆಯನ್ನೇ ನಾನು ಸೂಚಿಸುವುದಕ್ಕೆ ಕಾರಣ ಸರಳ. ಅಲ್ಲಿ 'ನೋಡಬೇಕಾದ ಸ್ಥಳ'ಗಳ ಪಟ್ಟಿ ಹಿಡಿದು ಓಡಬೇಕಾಗಿಲ್ಲ. ಕುಳಿತಲ್ಲಿಯೇ ನೋಟ ಬದಲಾಗುತ್ತಿರುತ್ತದೆ. ಮುಂಬಯಿಯವರಿಗೆ 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಕಾರವಾರ, ಗೋಕರ್ಣ, ಕುಮಟಾ, ಮುರ್ಡೇಶ್ವರ, ಉಡುಪಿಗಳು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಗಿವೆ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಯ ತೀರಗಳಿಗೆ 2020ರಲ್ಲಿ ಶುಚಿತ್ವ ಹಾಗೂ ಸುರಕ್ಷತೆಗಾಗಿ 'ನೀಲಿ ಧ್ವಜ' ಮನ್ನಣೆ ದೊರೆಯಿತು. ಕಾರವಾರದಲ್ಲಿ 1880ರ ದಶಕದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತರುಣ ರವೀಂದ್ರನಾಥ ಠಾಕೂರರು ತಂಗಿ, ನಾಟಕವೊಂದನ್ನು ಬರೆದರು. ಪುಣೆಯವರು ಗಣಪತಿಪುಳೆಗೂ ಚೆನ್ನೈಯವರು ಮಾಮಲ್ಲಪುರಕ್ಕೂ ಹೋಗಬಹುದು. ಊರಿನ ಹೆಸರು ಮುಖ್ಯವಲ್ಲ. ಆ ವಾರ ನಿಮ್ಮನ್ನು ಯಾವ ಮದುವೆಗೂ ಯಾರೂ ಕರೆಯದಿರುವುದು ಮುಖ್ಯ.

ಪಶ್ಚಿಮ ಕರಾವಳಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮೇ ತಿಂಗಳ ಸೆಕೆಯಲ್ಲಿ ಬೆವರು ಆರುವುದಿಲ್ಲ. ಮಳೆಗಾಲದ ಕಡಲು ನೋಡಲಷ್ಟೇ ಸರಿ. ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ; ಮೀನುಗಾರನೇ ಇಳಿಯದ ನೀರಿಗೆ ನಾವು ಇಳಿಯಬಾರದು.

ಗಮನಿಸಬೇಕಾದ ಅಂಶಗಳು

1. ಸೆಳವು: ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸವಾಗಿ ಹಿಂದಿರುಗುತ್ತದೆ. ಸೆಳವಿಗೆ ಸಿಕ್ಕಿದವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ತೇಲುತ್ತಾ ಕೈಯೆತ್ತಿ ಸಹಾಯ ಕೋರಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳವು ತಪ್ಪಿದ ಮೇಲೆ ದಡಕ್ಕೆ ತಿರುಗಬೇಕು. ನೋಡುತ್ತಿರುವವರು ಒಬ್ಬರ ಹಿಂದೊಬ್ಬರು ಧುಮುಕುವುದರಿಂದ ಇಡೀ ಕುಟುಂಬವೇ ಮುಳುಗುವುದುಂಟು. ಹಗ್ಗವನ್ನಾಗಲಿ ಮುಚ್ಚಳ ಬಿಗಿದ ಖಾಲಿ ಡಬ್ಬವನ್ನಾಗಲಿ ಎಸೆದು, ಜೀವರಕ್ಷಕರನ್ನು ಕೂಗಿ ಕರೆಯಿರಿ. 112ಕ್ಕೆ ಫೋನ್ ಮಾಡಿ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಲೇಬೇಡಿ.

2. ಬಿಸಿಲು: ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳಿನಲ್ಲಿರಿ. ಮರಳೂ ಅಲೆಯ ನೊರೆಯೂ ಬಿಸಿಲಿನ ಅತಿನೇರಳೆ ಕಿರಣಗಳನ್ನು ಪ್ರತಿಫಲಿಸುವುದರಿಂದ ಕೊಡೆಯ ಕೆಳಗೂ ಚರ್ಮ ಕಪ್ಪಾಗಬಹುದು. ಟೋಪಿ, ತುಂಬುತೋಳಿನ ಹತ್ತಿಬಟ್ಟೆ ಒಳ್ಳೆಯದು.

3. ನೀರು: ಬಾಯಾರುವ ಮೊದಲೇ ಕುಡಿಯಿರಿ. ವಾಂತಿಭೇದಿಯಾದರೆ ಓ.ಆರ್.ಎಸ್. ಪೊಟ್ಟಣ ಉಪಯೋಗಿಸಿ. ಅದು ದೊರೆಯದಿದ್ದರೆ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕೊಡಿ. ಎಳನೀರು ಹಿತಕರ; ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದರಿಂದ ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಕುಡಿಯಬಾರದು.

4. ಮಧುಮೇಹಿಗಳು: ಪಾದದಲ್ಲಿ ಸ್ಪರ್ಶಜ್ಞಾನ ಕುಂದಿದವರಿಗೆ ಕಾದ ಮರಳು ಸುಟ್ಟುದು ತಿಳಿಯುವುದೇ ಇಲ್ಲ, ಮರುದಿನ ಬೊಕ್ಕೆ ಕಂಡಾಗಲೇ ತಿಳಿಯುವುದು. ಬರಿಗಾಲಲ್ಲಿ ನಡೆಯಬೇಡಿ. ಇನ್ಸುಲಿನನ್ನು ಬಿಸಿಲಿಗೆ ಬಿಡಬೇಡಿ. ಶೀತಪೆಟ್ಟಿಗೆಯಿಲ್ಲದ ಕಡೆ ನೀರು ತಾಗದಂತೆ ಮುಚ್ಚಿ, ಒದ್ದೆ ಮಣ್ಣಿನ ಮಡಕೆಯೊಳಗೆ ತಂಪಾಗಿಡಬಹುದು.

5. ಮಾತ್ರೆಗಳು: ಇಡೀ ಪ್ರವಾಸಕ್ಕೆ ಸಾಲುವಷ್ಟನ್ನು, ಎರಡು ದಿನ ಹೆಚ್ಚಾಗಿಯೇ, ಕೈಚೀಲದಲ್ಲಿಡಿ. ರಜೆ ನಮಗೆ, ಮಾತ್ರೆಗಲ್ಲ.

ಗೃಹಿಣಿಗೂ ರಜೆ ಬೇಕು

ಕುಟುಂಬಸಮೇತ ವಿಹಾರವೆಂದು ಹೊರಟು, ಅಲ್ಲಿಯೂ ಸ್ಟವ್ ಹೊತ್ತಿಸಿ ಮೂರು ಹೊತ್ತು ಅಡಿಗೆ ಮಾಡಿಸಿದರೆ ಅದು ಮನೆಯೊಡತಿಗೆ ಕೇವಲ ಸ್ಥಳಾಂತರ. ಊಟ ಒದಗಿಸುವ ಮನೆಯನ್ನೋ ಖಾನಾವಳಿಯನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಕುಚ್ಚಲಕ್ಕಿಯ ಗಂಜಿ, ತಂಬುಳಿ, ಅಪ್ಪೆಹುಳಿಗಳಂಥ ಹಗುರವಾದ ಆಹಾರ ಆ ಹವೆಗೆ ಹೊಂದುತ್ತದೆ. ಹಾಗೆ ಉಳಿದ ಹೊತ್ತು ಆಕೆಯದು. ಆಕೆಯ ಕೈಗೂ ಒಂದು ಕಾದಂಬರಿ ಬರಲಿ.

ಕಾದಂಬರಿಯ ಪಥ್ಯ

ಸುಮ್ಮನೆ ಕುಳಿತರೆ ಚಿಂತೆ ಬರುತ್ತದೆ. ಮೊಬೈಲು ಹಿಡಿದರೆ ಕಚೇರಿ ಬರುತ್ತದೆ. ಆದುದರಿಂದ ಮನಸ್ಸಿಗೆ ಹಿಡಿದು ನಿಲ್ಲಲು ಒಂದು ಆಸರೆ ಬೇಕು. ದೊಡ್ಡ ಕಾದಂಬರಿಯು ಅಂತಹ ಆಸರೆ. ಅದು ಕ್ಷಣಕ್ಕೊಂದು ವಿಷಯಕ್ಕೆ ನಮ್ಮನ್ನು ಎಳೆದಾಡುವುದಿಲ್ಲ. ಒಂದೇ ಮನೆತನದ ಸುಖದುಃಖದಲ್ಲಿ ದಿನಗಟ್ಟಲೆ ನಿಲ್ಲಿಸುತ್ತದೆ. ಮಲಗುವ ಮುನ್ನ ದೀಪದ ಪರದೆಗಿಂತ ಕಾಗದದ ಪುಟ ನಿದ್ರೆಗೆ ಹಿತವೆಂಬುದೂ ಸತ್ಯ.

ಕಡಲತೀರದಲ್ಲಿ ಓದಲು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ಅತ್ಯಂತ ಸಮುಚಿತ. ಕರಾವಳಿಯ ಮನೆಯೊಂದರ ಮೂರು ತಲೆಮಾರಿನ ಕಥೆ ಅದು. ಅದರ ಮೂರನೆಯ ತಲೆಮಾರಿನ ರಾಮ ಮದರಾಸು, ಮುಂಬಯಿಗಳನ್ನು ಕಂಡು ಮಣ್ಣಿಗೆ ಮರಳುತ್ತಾನೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರ 'ಶಿಕಾರಿ' (1979) ನಮ್ಮದೇ ನಗರದ ಉದ್ಯೋಗಜಗತ್ತಿನ ಭೀತಿಯನ್ನು ಚಿತ್ರಿಸುತ್ತದೆ. ಕಚೇರಿಯಿಂದ ಈಗಷ್ಟೇ ತಪ್ಪಿಸಿಕೊಂಡು ಬಂದವರು ಅದನ್ನು ಮೊದಲ ಎರಡು ದಿನ ಮುಟ್ಟದಿರುವುದು ಲೇಸು! ಮನಸ್ಸಿನ ರೋಗವನ್ನು ಸಹಾನುಭೂತಿಯಿಂದ ಅರಿಯಬಯಸುವವರಿಗೆ ತ್ರಿವೇಣಿಯವರ 'ಶರಪಂಜರ'ವಿದೆ.

ನೆರಳಿನಲ್ಲಿ ಕುಳಿತು ಓದಿ. ಬಿಸಿಲು ಬಿದ್ದ ಬಿಳಿಯ ಪುಟ ಕಣ್ಣು ಕುಕ್ಕುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದಿಗಂತವನ್ನು ನೋಡಿ. ಹತ್ತಿರದ ಅಕ್ಷರಕ್ಕಾಗಿ ಬಿಗಿದ ಕಣ್ಣಿನ ಸ್ನಾಯು ಸಡಿಲವಾಗುವುದು ದೂರದ ನೋಟದಿಂದಲೇ. ನಲವತ್ತು ದಾಟಿದವರು ಓದುವ ಕನ್ನಡಕವನ್ನು ಮರೆಯಬಾರದು.

ಮರಳಿದ ಮೇಲೆ

ವಿಹಾರದಿಂದ ದೊರೆತ ಉಲ್ಲಾಸವು ಕೆಲಸಕ್ಕೆ ಹಿಂದಿರುಗಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆಂದು ಸಂಶೋಧಕರು ಕಂಡಿದ್ದಾರೆ. ಹಾಗಾದರೆ ಹೋಗಿ ಫಲವೇನು? ಅಲ್ಲಿಂದ ಒಂದು ಅಭ್ಯಾಸವನ್ನು ಹೊತ್ತು ತಂದರೆ ಫಲವುಂಟು.

ಮೊದಲು ಹೇಳಿದ ಗೃಹಸ್ಥರ ಪ್ರಸಂಗದಿಂದಲೇ ಇದನ್ನು ಮುಗಿಸುತ್ತೇನೆ. ಮುಂದಿನ ದೀಪಾವಳಿಯಲ್ಲಿ ಅವರು ಹೆಂಡತಿ, ಮಗಳೊಡನೆ ಕುಮಟಾದ ಬಳಿ ಆರು ದಿನ ಇದ್ದು ಬಂದರು. ಹದಿನಾಲ್ಕು ವರ್ಷದ ಮಗಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆದುದರಿಂದ ತಂದೆ ಸಂಜೆ ಹೊತ್ತು 'ಮರಳಿ ಮಣ್ಣಿಗೆ'ಯನ್ನು ಗಟ್ಟಿಯಾಗಿ ಓದಿದರು. ತಿಳಿಯದ ಕರಾವಳಿಯ ಮಾತುಗಳಿಗೆ ತಾಯಿ ಅರ್ಥ ಹೇಳಿದರು. ಆರು ದಿನದಲ್ಲಿ ಅಷ್ಟು ದೊಡ್ಡ ಪುಸ್ತಕ ಮುಗಿಯಲಿಲ್ಲ. ಮುಗಿಯದಿದ್ದುದೇ ಒಳ್ಳೆಯದಾಯಿತು. ಮುಂಬಯಿಗೆ ಬಂದ ಮೇಲೆ ಭಾನುವಾರ ರಾತ್ರಿ ಹತ್ತು ಪುಟದಂತೆ ಓದು ಮುಂದುವರಿಯಿತು. ಆ ಹೊತ್ತಿನಲ್ಲಿ ಮನೆಯ ಮೂರು ಮೊಬೈಲುಗಳೂ ಕಪಾಟಿನಲ್ಲಿ.

ಅವರ ರಕ್ತದೊತ್ತಡ ವಾಸಿಯಾಯಿತೆಂದು ನಾನು ಹೇಳಲಾರೆ. ಮಾತ್ರೆ ಇಂದಿಗೂ ನಡೆದಿದೆ, ನಡೆಯಬೇಕು. ಆದರೆ ಅದು ಈಗ ಹತೋಟಿಯಲ್ಲಿದೆ. ಅವರು ನಿದ್ರೆಯ ಮಾತ್ರೆ ಕೇಳುವುದನ್ನು ಬಿಟ್ಟಿದ್ದಾರೆ. ಕಳೆದ ಸಲ ಬಂದಾಗ ಒಂದು ದೂರನ್ನು ತಂದಿದ್ದರು: "ಡಾಕ್ಟರೇ, ನಾನು ಪುಟ ಬಿಟ್ಟು ಓದಿದರೆ ಮಗಳಿಗೆ ಈಗ ಗೊತ್ತಾಗುತ್ತದೆ. ಪಕ್ಕದಲ್ಲಿ ಕುಳಿತು ಅಕ್ಷರ ಕೂಡಿಸಿಕೊಂಡು ತಾನೂ ಓದುತ್ತಿರುತ್ತಾಳೆ."

ಈ ದೂರಿಗೆ ನನ್ನಲ್ಲಿ ಔಷಧವಿಲ್ಲ. ಬರುವ ರಜೆಯಲ್ಲಿ ವಾಚಕರೆಲ್ಲರಿಗೂ ಇಂತಹ ದೂರು ಪ್ರಾಪ್ತವಾಗಲೆಂದು ಹಾರೈಸುತ್ತೇನೆ.