ವೈದ್ಯ ಸಮ್ಮೇಳನಕ್ಕೊಂದು ಸಾರಾಂಶ

ಒಂದು ಗದ್ಯಭಾಗವನ್ನು ಕೊಟ್ಟು ಅದನ್ನು ಮೂರನೆಯ ಒಂದಂಶಕ್ಕೆ ಸಂಗ್ರಹಿಸಿ ಬರೆಯಿರಿ ಎಂದು ಕನ್ನಡ ಪರೀಕ್ಷೆಯಲ್ಲಿ ಕೇಳುತ್ತಿದ್ದುದು ಹೆತ್ತವರಲ್ಲಿ ಅನೇಕರಿಗೆ ನೆನಪಿರಬಹುದು. ಅದು ಕೇವಲ ಅಂಕ ಗಳಿಸುವ ಅಭ್ಯಾಸವೆಂದು ನಾವು ತಿಳಿಯುತ್ತೇವೆ. ಆದರೆ ವೈದ್ಯವಿಜ್ಞಾನದಲ್ಲಿ ಈ ಸಂಗ್ರಹ ಲೇಖನಕ್ಕೆ ಬಹು ದೊಡ್ಡ ಸ್ಥಾನವಿದೆ. ಎರಡು ಮೂರು ವರ್ಷ ದುಡಿದು ರೋಗಿಗಳನ್ನು ಪರೀಕ್ಷಿಸಿ, ಲೆಕ್ಕ ಹಾಕಿ ಕಂಡುಕೊಂಡ ವಿಷಯವನ್ನು ವೈದ್ಯನು ಸಾಮಾನ್ಯವಾಗಿ 250 ಅಥವಾ 300 ಶಬ್ದಗಳೊಳಗೆ ಹಿಡಿಸಿ ಸಮ್ಮೇಳನದ ಸಮಿತಿಗೆ ಕಳುಹಿಸಬೇಕು. ಇದಕ್ಕೆ ಆಬ್‌ಸ್ಟ್ರಾಕ್ಟ್ ಎಂದು ಹೆಸರು. ನಾವು ಇಲ್ಲಿ ಸಾರಾಂಶವೆಂದೇ ಕರೆಯೋಣ. ಡಾಕ್ಟರಾಗಬೇಕೆಂಬ ಹಂಬಲವುಳ್ಳ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಚಿಕಿತ್ಸೆಗೆಂದು ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಹೋಗಿಬರುವ ಹೆತ್ತವರಂತೂ ಬಹಳ ಮಂದಿ. ಇಬ್ಬರಿಗೂ ಈ ವಿಷಯ ತಿಳಿದಿರುವುದು ಒಳ್ಳೆಯದು.

ಸಮ್ಮೇಳನ ನಡೆಯುವುದಕ್ಕೆ ಕೆಲವು ತಿಂಗಳ ಮೊದಲೇ ಪ್ರಕಟಣೆ ಹೊರಡುತ್ತದೆ. ಸಾರಾಂಶ ತಲಪಬೇಕಾದ ಕೊನೆಯ ದಿನಾಂಕ, ಶಬ್ದಮಿತಿ, ವಿಷಯ ವಿಭಾಗ ಎಲ್ಲವೂ ಅದರಲ್ಲಿರುತ್ತವೆ. ಹಿಂದೆ ಸಮಿತಿಯವರು ಒಂದು ಚೌಕವನ್ನು ಅಚ್ಚುಮಾಡಿದ ಕಾಗದ ಕಳುಹಿಸುತ್ತಿದ್ದರು. ಟೈಪ್ ಮಾಡಿದ ಒಂದಕ್ಷರವೂ ಆ ಗೆರೆಯನ್ನು ದಾಟುವಂತಿರಲಿಲ್ಲ. ಆ ಹಾಳೆಯನ್ನೇ ಛಾಯಾಚಿತ್ರ ತೆಗೆದು ಸಮ್ಮೇಳನದ ಪುಸ್ತಕದಲ್ಲಿ ಅಚ್ಚು ಹಾಕುವ ಕ್ರಮವಿತ್ತು. ಈಗ ಎಲ್ಲವೂ ಕಂಪ್ಯೂಟರಿನಲ್ಲಿ. ಬಂದ ಸಾರಾಂಶಗಳನ್ನು ಆ ವಿಷಯ ಬಲ್ಲ ಇಬ್ಬರು ಮೂವರು ತಜ್ಞರಿಗೆ ಕೊಡುತ್ತಾರೆ. ಬರೆದವರ ಹೆಸರನ್ನೂ ಆಸ್ಪತ್ರೆಯ ಹೆಸರನ್ನೂ ಮರೆಮಾಡಿ ಕೊಡುವುದು ಅನೇಕ ಕಡೆ ರೂಢಿ. ನಮ್ಮ ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ನಂಬರು ಇರುವುದಿಲ್ಲವೇ, ಹಾಗೆಯೇ ಇದು. ಹೆಚ್ಚು ಅಂಕ ಬಂದುದಕ್ಕೆ ವೇದಿಕೆಯ ಮೇಲೆ ಕೆಲವು ನಿಮಿಷ ಮಾತನಾಡುವ ಅವಕಾಶ. ಅದಕ್ಕಿಂತ ಸ್ವಲ್ಪ ಕೆಳಗಿನವುಗಳಿಗೆ ದೊಡ್ಡ ಕಾಗದದ ಮೇಲೆ ಬರೆದು ಗೋಡೆಗೆ ತೂಗುಹಾಕುವ ಅವಕಾಶ. ಇದನ್ನು ಪೋಸ್ಟರ್ ಎನ್ನುತ್ತಾರೆ. ಉಳಿದವರಿಗೆ ವಿಷಾದದ ಪತ್ರ.

ಅಂಥ ವಿಷಾದದ ಪತ್ರವೊಂದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಪರ್ತ್ ನಗರದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ಪೆಥಾಲಜಿಸ್ಟರಿದ್ದರು. ರೋಗಿಯ ದೇಹದಿಂದ ತೆಗೆದ ಸಣ್ಣ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಗುರುತಿಸುವುದು ಅವರ ಕೆಲಸ. 1979ರಲ್ಲಿ ಒಬ್ಬ ರೋಗಿಯ ಜಠರದ ಚೂರಿನ ಮೇಲೆ ಬಾಗಿದ ಆಕಾರದ ಬ್ಯಾಕ್ಟೀರಿಯಗಳು ಅವರ ಕಣ್ಣಿಗೆ ಬಿದ್ದುವು. ಜಠರದಲ್ಲಿರುವುದು ತೀಕ್ಷ್ಣವಾದ ಆಮ್ಲ. ಅದರಲ್ಲಿ ಯಾವ ಜೀವಾಣುವೂ ನೆಲೆಸಲಾರದೆಂಬುದು ಆಗ ಪಾಠಪುಸ್ತಕಗಳ ಮಾತು. ವಾರೆನ್ನರು ನೋಡುತ್ತಲೇ ಹೋದರು. 1981ರಲ್ಲಿ ಅವರೊಂದಿಗೆ ಸೇರಿದವರು ಇನ್ನೂ ತರಬೇತಿಯಲ್ಲಿದ್ದ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು. ಇಬ್ಬರೂ ಕೂಡಿ ನೂರು ರೋಗಿಗಳ ಅಧ್ಯಯನ ನಡೆಸಿದರು. ಬಾಯಿಯ ಮೂಲಕ ಕೊಳವೆ ಇಳಿಸಿ ಜಠರವನ್ನು ನೋಡುವ ಎಂಡೋಸ್ಕೋಪಿ ಪರೀಕ್ಷೆಗೆ ಬಂದವರು ಇವರು.

ಕಣ್ಣಿಗೆ ಕಂಡ ಬ್ಯಾಕ್ಟೀರಿಯವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ತೋರಿಸದೆ ವಿಜ್ಞಾನಿಗಳು ಒಪ್ಪುವುದಿಲ್ಲ. ಮೊದಲ ಮೂವತ್ತಕ್ಕೂ ಹೆಚ್ಚು ರೋಗಿಗಳ ಚೂರುಗಳಿಂದ ಏನೂ ಬೆಳೆಯಲಿಲ್ಲ. ಎರಡು ದಿನ ಕಾದು ತಟ್ಟೆಗಳನ್ನು ಎಸೆದುಬಿಡುವುದು ಪ್ರಯೋಗಶಾಲೆಯ ಪದ್ಧತಿಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಬೆಚ್ಚನೆಯ ಪೆಟ್ಟಿಗೆಯಲ್ಲಿಯೇ ಹೆಚ್ಚು ದಿನ ಉಳಿದುಬಿಟ್ಟುವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆ ಎದ್ದಿತ್ತು! ಈ ಬ್ಯಾಕ್ಟೀರಿಯ ನಿಧಾನವಾಗಿ ಬೆಳೆಯುವ ಜಾತಿಯದು. ಎರಡು ದಿನ ಅದಕ್ಕೆ ಸಾಲುತ್ತಿರಲಿಲ್ಲ.

1983ರಲ್ಲಿ ಮಾರ್ಷಲ್ಲರು ಈ ಕೆಲಸದ ಸಾರಾಂಶವನ್ನು ಆಸ್ಟ್ರೇಲಿಯಾದ ಜಠರರೋಗ ತಜ್ಞರ ಸಂಘಕ್ಕೆ ಕಳುಹಿಸಿದರು. ಆ ವರ್ಷದ ಮೇ ತಿಂಗಳ ಸಮ್ಮೇಳನ ನಡೆಯುವುದಿದ್ದುದು ಅವರದೇ ಊರಾದ ಪರ್ತ್‌ನಲ್ಲಿ. ಬಂದ ಉತ್ತರದಲ್ಲಿ ಲೆಕ್ಕವೂ ಇತ್ತು: ಸಾರಾಂಶಗಳು 67 ಬಂದಿದ್ದುವು, 56ನ್ನು ಸ್ವೀಕರಿಸಲಾಯಿತು. ಇವರದು ಉಳಿದ 11ರಲ್ಲಿ ಸೇರಿತ್ತು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಪಾಸಾದ ಪರೀಕ್ಷೆಯಲ್ಲಿ ಫೇಲಾದ ಹಾಗೆ! ಹಾಗೆಂದು ಆ ತೀರ್ಪುಗಾರರನ್ನು ದಡ್ಡರೆಂದು ಜರೆಯುವುದು ಸರಿಯಲ್ಲವೆಂದು ನಮಗೆ ತೋರುತ್ತದೆ. ಹೊಟ್ಟೆಹುಣ್ಣಿಗೆ ಆಮ್ಲ, ಮನಸ್ಸಿನ ಚಿಂತೆ, ಆಹಾರಗಳೇ ಕಾರಣವೆಂದು ಓದಿ, ಅದನ್ನೇ ಕಲಿಸಿದವರ ಮುಂದೆ ಹೆಸರಿಲ್ಲದ ಒಂದು ಹಾಳೆ ಬಂದು ಇದು ಬ್ಯಾಕ್ಟೀರಿಯದ ಕೆಲಸವಿರಬಹುದು ಎಂದರೆ, ಒಮ್ಮೆಗೇ ನಂಬುವವರು ಎಷ್ಟು ಮಂದಿ?

ಮಾರ್ಷಲ್ಲರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹೊಟ್ಟೆಯ ತಜ್ಞರು ಬೇಡವೆಂದುದನ್ನು ಬ್ಯಾಕ್ಟೀರಿಯದ ತಜ್ಞರ ಬಳಿಗೆ ಒಯ್ದರು. ಇಂಗ್ಲೆಂಡಿನ ಮಾರ್ಟಿನ್ ಸ್ಕಿರೋ ಎಂಬ ಸೂಕ್ಷ್ಮಜೀವಿ ತಜ್ಞರ ಬೆಂಬಲ ದೊರೆಯಿತು. ಅದೇ 1983ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಮಿನ ಬ್ರಸೆಲ್ಸ್ ನಗರದಲ್ಲಿ ನಡೆದ ಅಂತಾರಾಷ್ಟ್ರೀಯ ಸಭೆಯಲ್ಲಿ ಮಾರ್ಷಲ್ಲರು ಮಾತನಾಡಿದರು. ಒಂದೇ ಕೆಲಸ, ಆದರೆ ಕೇಳುವವರು ಬೇರೆ. ಸಾರಾಂಶವನ್ನು ಯಾವ ವಿಭಾಗಕ್ಕೆ ಕಳುಹಿಸಬೇಕೆಂಬುದನ್ನು ಯೋಚಿಸಿ ಆರಿಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ.

ಆ ನೂರು ರೋಗಿಗಳ ಪೂರ್ಣ ಪ್ರಬಂಧ 1984ರ ಜೂನ್ ತಿಂಗಳಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ತಲೆಯ ಮೇಲಿದ್ದ ಸಾರಾಂಶ ನಾಲ್ಕೈದು ವಾಕ್ಯಗಳದು. ಸಾರಾಂಶ ಹೇಗಿರಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿಯನ್ನು ನಾವು ಕಾಣೆವು. ಅದರ ತಿರುಳನ್ನು ನೋಡೋಣ.

ಎಂಡೋಸ್ಕೋಪಿಗೆ ಸಾಲಾಗಿ ಬಂದ, ಒಪ್ಪಿಗೆ ನೀಡಿದ ನೂರು ರೋಗಿಗಳ ಜಠರದಿಂದ ಚೂರುಗಳನ್ನು ತೆಗೆಯಲಾಯಿತು ಎಂಬುದು ಮೊದಲ ವಿಷಯ. ಇದರಲ್ಲಿ ‘ಸಾಲಾಗಿ ಬಂದ’ ಎಂಬ ಮಾತು ಬಹಳ ಬೆಲೆಯುಳ್ಳದ್ದು. ತಮಗೆ ಬೇಕಾದ ಫಲ ಕೊಡುವ ರೋಗಿಗಳನ್ನು ಆರಿಸಿಕೊಳ್ಳಲಿಲ್ಲ, ಬಂದವರನ್ನು ಬಂದ ಕ್ರಮದಲ್ಲಿ ತೆಗೆದುಕೊಂಡೆವು ಎಂದು ಅದರ ಅರ್ಥ. ಕೊಯ್ಲಿನ ಲೆಕ್ಕ ಹೇಳುವಾಗ ಒಳ್ಳೆಯ ಮರಗಳನ್ನು ಮಾತ್ರ ಎಣಿಸಿದರೆ ತೋಟದ ಇಳುವರಿ ತಿಳಿಯುವುದುಂಟೇ? ಮುಂದೆ ಎರಡು ಸಂಖ್ಯೆಗಳು. ನೂರರಲ್ಲಿ 58 ಮಂದಿಯಲ್ಲಿ ಬ್ಯಾಕ್ಟೀರಿಯ ಕಂಡುಬಂತು. ತಟ್ಟೆಯಲ್ಲಿ ಬೆಳೆಸಲು ಸಾಧ್ಯವಾದುದು 11 ಮಂದಿಯದು ಮಾತ್ರ. ಈ 11 ಸಣ್ಣ ಸಂಖ್ಯೆ. ಬರೆಯದೆ ಬಿಟ್ಟಿದ್ದರೆ ಪ್ರಬಂಧ ಇನ್ನೂ ಬಲವಾಗಿ ಕಾಣುತ್ತಿತ್ತು. ಅವರು ಬರೆದರು. ಕೊನೆಗೆ, ಹುಣ್ಣು ಮತ್ತು ಜಠರದ ಉರಿಯೂತ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲಿಯೂ ಈ ಬ್ಯಾಕ್ಟೀರಿಯ ಇತ್ತು, ಆದುದರಿಂದ ಇದು ಆ ರೋಗಗಳಿಗೆ ಒಂದು ಮುಖ್ಯ ಕಾರಣ ‘ಇರಬಹುದು’ ಎಂದು ಮುಗಿಸಿದರು. ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 13 ಮಂದಿಯಲ್ಲಿ 13 ಮಂದಿಯಲ್ಲಿಯೂ ಬ್ಯಾಕ್ಟೀರಿಯ ಕಂಡಿದ್ದರೂ ‘ಇದೇ ಕಾರಣ’ ಎಂದು ಬರೆಯಲಿಲ್ಲ. ಜೊತೆಯಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಮಳೆಗಾಲದಲ್ಲಿ ಕೊಡೆಯೂ ಹೆಚ್ಚು, ಜ್ವರವೂ ಹೆಚ್ಚು. ಕೊಡೆಯಿಂದ ಜ್ವರ ಬಂತೆನ್ನಬಹುದೇ?

ಕಾರಣವೆಂದು ತೋರಿಸಲು ಬೇರೆ ಪ್ರಯೋಗ ಬೇಕಾಗಿತ್ತು. 1984ರಲ್ಲಿಯೇ ಮಾರ್ಷಲ್ಲರು ಆ ಬ್ಯಾಕ್ಟೀರಿಯವನ್ನು ಕಲಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಆರಂಭವಾಗಿ, ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಂಡಿತು. ಇದನ್ನು ಯಾರೂ ಅನುಕರಿಸಬಾರದೆಂದು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. 1994ರಲ್ಲಿ ಅಮೇರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯು ಈ ಬ್ಯಾಕ್ಟೀರಿಯವಿರುವ ಹುಣ್ಣಿನ ರೋಗಿಗಳಿಗೆ ಆಂಟಿಬಯೋಟಿಕ್ ಮದ್ದನ್ನೂ ಕೊಡಬೇಕೆಂದು ಹೇಳಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಈಗ ಕರೆಯಲ್ಪಡುವ ಈ ಜೀವಾಣುವಿಗಾಗಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ 2005ರ ನೊಬೆಲ್ ಬಹುಮಾನ ಬಂತು.

‘ಒಪ್ಪಿಗೆ ನೀಡಿದ’ ಎಂಬ ಮಾತನ್ನು ನಾವು ಹಿಂದೆ ಬಿಟ್ಟು ಬಂದೆವು. ಅದು ಹೆತ್ತವರಿಗೆ ಸಂಬಂಧಿಸಿದ್ದು. ಸಾರಾಂಶದಲ್ಲಿ ನೂರು ಎಂದು ಒಂದೇ ಶಬ್ದದಲ್ಲಿ ಬರೆದರೂ ಅವರು ನೂರು ಮನೆಗಳವರು. ಇಂದು ಮನುಷ್ಯರ ಮೇಲಿನ ಯಾವ ಅಧ್ಯಯನಕ್ಕೂ ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಬೇಕು. ಅನುಮತಿ ಪಡೆದಿರುವುದಾಗಿ ಸಾರಾಂಶದ ಜೊತೆಗೆ ತಿಳಿಸಬೇಕೆಂದು ಅನೇಕ ಸಮ್ಮೇಳನಗಳು ಕೇಳುತ್ತವೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ವಿಷಯವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ. ಆದುದರಿಂದ ತಿಳಿಯದ ಭಾಷೆಯ ಕಾಗದವೊಂದನ್ನು ಮುಂದಿಟ್ಟು ಸಹಿ ಹಾಕಿರೆಂದರೆ, ಕನ್ನಡದಲ್ಲಿ ಓದಿ ಹೇಳಿರಿ ಎಂದು ಕೇಳುವುದು ಸಂಕೋಚಪಡಬೇಕಾದ ವಿಷಯವೇ ಅಲ್ಲ. ಅಧ್ಯಯನಕ್ಕೆ ಸೇರಲೊಲ್ಲೆವೆಂದರೆ ಚಿಕಿತ್ಸೆಗೆ ಕುಂದು ಬರಬಾರದು. ಸೇರಿದರೆ ಹೆಸರು ಹೊರಬೀಳಬಾರದು. ಅಂಥ ಒಪ್ಪಿಗೆ ಕೊಟ್ಟವರಿಂದಲೇ ವೈದ್ಯಶಾಸ್ತ್ರ ಮುಂದುವರಿದಿದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ವಿಷಯ. ಸಮ್ಮೇಳನ ಸ್ವೀಕರಿಸಿದ ಮಾತ್ರಕ್ಕೆ ಸಾರಾಂಶದಲ್ಲಿದ್ದುದೆಲ್ಲ ಸಿದ್ಧಾಂತವಾಗುವುದಿಲ್ಲ. ಮೂರು ಲಕ್ಷಕ್ಕೂ ಹೆಚ್ಚು ಸಾರಾಂಶಗಳನ್ನು ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮುಂದೆ ಪೂರ್ಣ ಪ್ರಬಂಧವಾಗಿ ಅಚ್ಚಾದುವು ನೂರಕ್ಕೆ ಸುಮಾರು 37 ಮಾತ್ರ. ಅನುಕೂಲವಾದ ಫಲಿತಾಂಶವಿದ್ದುವು ಹೆಚ್ಚಾಗಿ ಅಚ್ಚಾಗುತ್ತವೆ, ಮದ್ದು ನಾಟಲಿಲ್ಲ ಎಂಬಂಥವು ಮೂಲೆಗೆ ಬೀಳುತ್ತವೆ. ಯಾವುದೋ ಸಮ್ಮೇಳನದಲ್ಲಿ ಹೊಸ ಮದ್ದಿನ ಸುದ್ದಿ ಬಂತೆಂದು ಪೇಪರಿನಲ್ಲಿ ಓದಿದವರು ಇದನ್ನು ನೆನಪಿನಲ್ಲಿಟ್ಟರೆ ಲೇಸು.

ಇನ್ನು ಬರೆಯುವ ಕ್ರಮ. 1987ರಲ್ಲಿ ಅಮೇರಿಕದ ಒಂದು ವೈದ್ಯಕೀಯ ಪತ್ರಿಕೆ ಸಾರಾಂಶವನ್ನು ಉಪಶೀರ್ಷಿಕೆಗಳಲ್ಲಿ ಬರೆಯುವ ಪದ್ಧತಿಯನ್ನು ತಂದಿತು. ಈಗ ಸಾಮಾನ್ಯವಾಗಿ ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂದು ನಾಲ್ಕು. ಹಿನ್ನೆಲೆಗೆ ಎರಡು ವಾಕ್ಯ ಸಾಕು. ಹೆಚ್ಚಿನ ಜಾಗ ಫಲಿತಾಂಶಕ್ಕೆ. ಫಲಿತಾಂಶಗಳನ್ನು ಸಮ್ಮೇಳನದಲ್ಲಿ ತಿಳಿಸಲಾಗುವುದು ಎಂದು ಬರೆದು ಕಳುಹಿಸುವವರೂ ಇದ್ದಾರೆ. ಊಟಕ್ಕೆ ಕರೆದು ಎಲೆ ಮಾತ್ರ ಹಾಕಿದಂತೆ ಅದು. ಅನೇಕ ಸಮಿತಿಗಳು ಅಂಥದನ್ನು ಬದಿಗಿಡುತ್ತವೆ.

ನಮ್ಮ ಮಕ್ಕಳು ಶಾಸ್ತ್ರಮೇಳಕ್ಕೆ ತಯಾರಿಸುವ ವರದಿಗಳಲ್ಲಿ ಇದನ್ನೇ ಪ್ರಯೋಗಿಸಿ ನೋಡಬಹುದು. ಡೆಂಗಿ ಹರಡುವ ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರು ಮರಕ್ಕೆ ಕಟ್ಟಿದ ಕಪ್ಪು, ಇವುಗಳಲ್ಲಿ ಎಲ್ಲಿ ಹುಳು ಹೆಚ್ಚೆಂದು ಎಂಟನೆಯ ತರಗತಿಯವರು ಹುಡುಕುತ್ತಾರೆನ್ನಿ. ‘ನಮ್ಮ ಊರಿನಲ್ಲಿ ಸೊಳ್ಳೆಯ ಕಾಟ ವಿಪರೀತ, ಜನರು ಎಚ್ಚರಗೊಳ್ಳಬೇಕು’ ಎಂದು ಬರೆದರೆ ಅದು ಭಾಷಣ. ಎಷ್ಟು ಮನೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಸಾಲು ಮನೆಗಳೋ ಆರಿಸಿದವುಗಳೋ, ಎಷ್ಟು ಹಾಳೆ ನೋಡಿದರು, ಎಷ್ಟರಲ್ಲಿ ಹುಳುವಿತ್ತು, ಎಷ್ಟು ಮನೆಯವರು ಒಳಗೆ ಬಿಡಲಿಲ್ಲ ಎಂದು ಬರೆದರೆ ಅದು ಸಾರಾಂಶ. ಬರೆದು, ಹೆಸರು ತೆಗೆದು, ಹತ್ತನೆಯ ತರಗತಿಯ ಮೂವರ ಕೈಗೆ ಕೊಟ್ಟು ಬೇರೆ ಬೇರೆಯಾಗಿ ಹತ್ತರಲ್ಲಿ ಅಂಕ ಹಾಕಿಸಿ. ಮೂವರ ಅಂಕಗಳೂ ಒಂದೇ ಆಗಿರಲಾರವು. ಯಾವ ವಾಕ್ಯದಲ್ಲಿ ಅವರಿಗೆ ಭಿನ್ನಾಭಿಪ್ರಾಯ ಬಂತೆಂದು ಕೇಳಿ, ಆ ವಾಕ್ಯವನ್ನು ತಿದ್ದಿ ಬರೆಯಿರಿ.