ಮೇಳ ಬದಲಾದಾಗ ಹಾಡು

ಮೇಳವೊಂದರಲ್ಲಿ ಒಬ್ಬ ವಾದಕ ಹೋಗಿ ಇನ್ನೊಬ್ಬ ಬಂದರೆ, ಅದು ಅದೇ ಮೇಳವಾಗಿ ಉಳಿಯುವುದೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ಖಾನಾಪುರದ ನಮ್ಮ ಓಣಿಯ ಭಜನಾ ಮೇಳದಲ್ಲಿ ಇಪ್ಪತ್ತು ವರ್ಷ ಪೇಟಿ ನುಡಿಸಿದ ಹಿರಿಯರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವರ ಪೇಟಿ ನನ್ನ ಮುಂದೆ ಬಂದಿತು. ಅವರಂತೆಯೇ ನುಡಿಸಲು ಹೆಣಗಿದೆ, ಸಾಧ್ಯವಾಗಲಿಲ್ಲ.

ಆ ದಿನಗಳಲ್ಲಿಯೇ ಬೆಳಗಾವಿಯ ನನ್ನ ಕೋಣೆಯಲ್ಲಿ ಐರ್ಲೆಂಡಿನ ‘ಬಾತಿ ಬ್ಯಾಂಡ್’ ಎಂಬ ಜಾನಪದ ಮೇಳದ ಎರಡು ಧ್ವನಿಮುದ್ರಿಕೆಗಳನ್ನು ಕೇಳಿದೆ. ‘ಬಾತಿ’ ಎಂದರೆ ಸುಗ್ಗಿಯ ಕೂಲಿಗಾರರು ತಂಗುವ ಗುಡಿಸಲು. ಡೋನಲ್ ಲನ್ನಿ ಮೊದಲಾದವರು 1975ರಲ್ಲಿ ಡಬ್ಲಿನ್ನಿನಲ್ಲಿ ಕಟ್ಟಿದ ಈ ಮೇಳದಲ್ಲಿ ಮ್ಯಾಟ್ ಮಲಾಯ್ ಅವರ ಕೊಳಲು, ಪ್ಯಾಡಿ ಕೀನನ್ ಅವರ ಚೀಲವಾದ್ಯ, ಅಣ್ಣತಂಗಿಯರಿಬ್ಬರ ಹಾಡುಗಾರಿಕೆ ಇದ್ದವು. ಈ ಚೀಲವಾದ್ಯಕ್ಕೆ ಗಾಳಿಯನ್ನು ಊದುವುದಿಲ್ಲ. ಮೊಳಕೈಯಿಂದ ತಿದಿಯೊತ್ತಿ ತುಂಬುತ್ತಾರೆ. ನಮ್ಮ ಶ್ರುತಿಪೆಟ್ಟಿಗೆಯಂತೆ ಅದರಲ್ಲಿಯೂ ಎಡೆಬಿಡದ ಆಧಾರಸ್ವರವುಂಟು.

1975ರ ಮೊದಲ ಮುದ್ರಿಕೆಯಲ್ಲಿ ಪಿಟೀಲು ಡಾನಿಗಾಲ್ ಪ್ರಾಂತದ ಟಾಮಿ ಪೀಪಲ್ಸ್ ಅವರದು. ಆ ಸೀಮೆಯ ಕಮಾನು ತುಂಡುತುಂಡಾಗಿ, ಬಿರುಸಾಗಿ ಓಡುತ್ತದೆ. 1976ರಲ್ಲಿ ಅವರ ಸ್ಥಾನಕ್ಕೆ ಕೆವಿನ್ ಬರ್ಕ್ ಬಂದರು. ಲಂಡನ್ನಿನಲ್ಲಿ ಹುಟ್ಟಿದರೂ ಅವರ ತಂದೆತಾಯಿಗಳು ಸ್ಲೈಗೊ ಸೀಮೆಯವರು. ಅಲ್ಲಿಯ ಕಮಾನಿನ ಎಳೆತ ನೀಳವಾದುದು; ಸ್ವರಗಳು ತೂಗುಯ್ಯಾಲೆಯಂತೆ ಒಂದಕ್ಕೊಂದು ಹೊಂದಿ ಬರುತ್ತವೆ. ಅದೇ ವರ್ಷ ಹೊರಬಂದ ಎರಡನೆಯ ಮುದ್ರಿಕೆಯಲ್ಲಿ ಉಳಿದ ಐವರೂ ಹಳಬರೇ. ಆದರೆ ನಡಿಗೆ ಬೇರೆ. ಬರ್ಕ್ ಅವರು ಪೀಪಲ್ಸ್ ಅವರನ್ನು ಅನುಕರಿಸಲಿಲ್ಲ. ಮೇಳವೂ ಹಾಗೆ ಕೇಳಿದಂತೆ ತೋರುವುದಿಲ್ಲ. 1979ರಲ್ಲಿ ಮೇಳ ಚದುರಿತು. ಎರಡು ಮುದ್ರಿಕೆಗಳಲ್ಲಿ ಯಾವುದು ಮೇಲೆಂಬ ಚರ್ಚೆ ನನಗೆ ಬೇಡವೆನಿಸಿತು. ಎರಡರಲ್ಲಿಯೂ ಒಬ್ಬರನ್ನೊಬ್ಬರು ಆಲಿಸುವ ಗುಣ ಒಂದೇ ಆಗಿತ್ತು. ಮೇಳವನ್ನು ಮೇಳವಾಗಿಸುವುದು ಇದೇ ಎಂದು ನನ್ನ ಅಲ್ಪಮತಿಗೆ ಹೊಳೆಯಿತು.

ಮುಂದಿನ ಶನಿವಾರ ಊರಿಗೆ ಹೋದಾಗ ತಾಳ ಹಾಕುವ ಕಾಕಾ ಅಂದರು: “ಅಂವರಂಗ ಬಾರಿಸಬ್ಯಾಡೋ ತಮ್ಮಾ. ನಿನ್ನ ಕೈ ಹ್ಯಾಂಗ ನಡೀತೈತಿ ಹಂಗ ನಡಸು, ನಾವು ನಿನ್ನ ಸಂಗಾಟ ಬರ್ತೀವಿ.”

ಅಂದು ಮೊದಲ ಬಾರಿಗೆ ನಾನು ಪೇಟಿಯ ಮನೆಗಳನ್ನು ನೋಡದೆ, ತಾಳವನ್ನು ಕೇಳುತ್ತ ನುಡಿಸಿದೆ. ಹಿರಿಯರ ಪೇಟಿ ಹಿಂದಿನಂತೆ ಕೇಳಲಿಲ್ಲ. ಆದರೆ ಭಜನೆ ಮಾತ್ರ ನಿಲ್ಲಲಿಲ್ಲ.

ಈ ವಿಚಾರದಲ್ಲಿ ದೋಷಗಳಿದ್ದರೆ ಸಂಗೀತ ಬಲ್ಲ ಗುರುಗಳೂ ಮಿತ್ರರೂ ತಿದ್ದಬೇಕೆಂದು ಬೇಡುತ್ತೇನೆ.